ಕೋಲಾರದಿಂದ ಕಡಲಿಗೆ: ಮುರುಡೇಶ್ವರ–ಹೊನ್ನಾವರದ ಕುಟುಂಬ ಸಾಹಸ ಪ್ಯಾಕೇಜಿನ ವಿಮರ್ಶೆ

ಕೋಲಾರದವರಿಗೆ ನೀರು ಎಂದರೆ ಕೆರೆ, ಕೊಳವೆಬಾವಿ ಮತ್ತು ಟ್ಯಾಂಕರು. ವರ್ಷವಿಡೀ ಹರಿಯುವ ನದಿಯೊಂದು ನಮ್ಮ ಜಿಲ್ಲೆಯಲ್ಲಿಲ್ಲ. 2018ರಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ಒಂದೊಂದೇ ಕೆರೆ ತುಂಬಿದಾಗ, ಏರಿಯ ಮೇಲೆ ನಿಂತು ತುಂಬಿದ ಕೆರೆಯನ್ನು ನೋಡುವುದೇ ನಮ್ಮ ಮಕ್ಕಳಿಗೆ ಒಂದು ಪ್ರವಾಸವಾಗಿತ್ತು. ಇಂಥ ಊರಿನಿಂದ ಹೊರಟು, ಮನೆಯಲ್ಲಿ ಒಬ್ಬರಿಗೂ ಈಜು ಬಾರದ ಒಂದು ಕುಟುಂಬವು ಕಡಲ ತಳಕ್ಕೆ ಇಳಿಯುವ ಪ್ಯಾಕೇಜಿಗೆ ಹಣ ಕಟ್ಟಬಹುದೇ, ಕಟ್ಟಿದರೆ ಏನು ಸಿಗುತ್ತದೆ, ಎಲ್ಲಿ ಮೋಸ ಹೋಗುತ್ತೇವೆ ಎಂಬುದನ್ನು ನಮ್ಮಂಥವರಿಗೆ ತಿಳಿಸಬೇಕೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಡಲ ದಂಡೆಯಲ್ಲಿ ನಮ್ಮನ್ನು ನೋಡಿಕೊಂಡವರ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಪ್ಯಾಕೇಜನ್ನು ನಮಗೆ ಮಾರಿದವರ ಕೆಲಸಕ್ಕೆ ಅರ್ಧ ಅಂಕ ಕೊಡಲೂ ಮನಸ್ಸು ಬರುವುದಿಲ್ಲ.

ಹೋದವರು ನಾವು ಐವರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಯಜಮಾನರು ಟೊಮೆಟೊ ಬೆಳೆಗಾರರು; ಒಂದು ಬೆಳೆ ಮಂಡಿಗೆ ಹೋಗಿ ಇನ್ನೊಂದು ನಾಟಿಯಾಗುವ ನಡುವಿನ ದಿನಗಳಲ್ಲಿ ಮಾತ್ರ ಅವರಿಗೆ ಮನೆ ಬಿಟ್ಟು ಹೊರಡಲು ಸಾಧ್ಯ. ಹದಿನಾಲ್ಕರ ಮಗಳು, ಒಂಬತ್ತರ ಮಗ, ಅರವತ್ತಾರರ ಅತ್ತೆ. ಮಕ್ಕಳಿಬ್ಬರೂ ಅಂತರಗಂಗೆಯ ಬಂಡೆಗಳ ನಡುವಿನ ಗುಹೆಗಳಲ್ಲಿ ನುಸುಳಿ ಬೆಳೆದವರು, ಬೆಟ್ಟ ಹತ್ತುವುದರಲ್ಲಿ ಅವರಿಗೆ ಭಯವಿಲ್ಲ. ಬಂಡೆಯ ಮೇಲೆ ಧೈರ್ಯವಿರುವ ಮಕ್ಕಳು ನೀರಿನ ಮುಂದೆಯೂ ಅದೇ ಧೈರ್ಯ ತೋರಿಸಲು ಹೋಗುತ್ತಾರೆ ಎಂಬುದೇ ನನ್ನ ಆತಂಕವಾಗಿತ್ತು. 2024ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ಆದ್ದರಿಂದ ಈ ಪ್ರವಾಸವನ್ನು ನಾನು ಅಳೆದದ್ದು ಒಂದೇ ಅಳತೆಗೋಲಿನಿಂದ: ನೀರನ್ನು ಅರಿಯದ ಬಯಲುಸೀಮೆಯವರಿಗೆ ಕಡಲನ್ನು ಯಾರು, ಹೇಗೆ, ಎಷ್ಟು ತಾಳ್ಮೆಯಿಂದ ಪರಿಚಯಿಸುತ್ತಾರೆ? ಅಗತ್ಯ ಬಿದ್ದಾಗ ಬೇಡ ಎನ್ನುವ ಗಟ್ಟಿತನ ಅವರಿಗಿದೆಯೇ?

ಪ್ಯಾಕೇಜನ್ನು ಕೊಂಡದ್ದು ಕೋಲಾರದ ಒಂದು ಪ್ರವಾಸ ಏಜೆನ್ಸಿಯಿಂದ. ಐವರಿಗೆ ಹೋಗಿ ಬರುವ ರೈಲು, ಮುರುಡೇಶ್ವರದಲ್ಲಿ ಎರಡು ರಾತ್ರಿಯ ಎರಡು ಕೊಠಡಿ, ಅಲ್ಲಿ ಓಡಾಡಲು ಒಂದು ವಾಹನ, ನಾಲ್ವರಿಗೆ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವುದು), ಶರಾವತಿ ಹಿನ್ನೀರಿನಲ್ಲಿ ಕಯಾಕಿಂಗ್ (ಕಿರಿದಾದ ಸಣ್ಣ ದೋಣಿಯಲ್ಲಿ ನಾವೇ ಹುಟ್ಟು ಹಾಕುತ್ತ ಸಾಗುವುದು), ಕೊನೆಯ ದಿನ ಗೋಕರ್ಣದ ಕುಡ್ಲೆ ಕಡಲತೀರದಿಂದ ಓಂ ಕಡಲತೀರದವರೆಗೆ ಗುಡ್ಡದ ಮೇಲಿನ ನಡಿಗೆ, ಬೆಳಗಿನ ತಿಂಡಿ, ಇಷ್ಟಕ್ಕೆ 62,000 ರೂಪಾಯಿ. ಇದರಲ್ಲಿ ಸ್ಕೂಬಾಕ್ಕೆ ತಲೆಗೆ 4,500ರಂತೆ 18,000 ಎಂದು ರಸೀತಿಯಲ್ಲಿ ಬೇರೆಯಾಗಿಯೇ ಬರೆಸಿಕೊಂಡಿದ್ದೆ. ಹಾಗೆ ಬರೆಸಿಕೊಂಡದ್ದು ಮುಂದೆ ನನ್ನ ಕೈಹಿಡಿಯಿತು. ಮಗನಿಗೆ ಇನ್ನೂ ಒಂಬತ್ತು ವರ್ಷ, ಅವನನ್ನು ನೀರಿಗಿಳಿಸುತ್ತಾರೆಯೇ ಎಂದು ಎರಡು ಸಲ ಕೇಳಿದೆ. "ಮಕ್ಕಳಿಗೂ ಮಾಡಿಸ್ತಾರೆ ಮೇಡಂ, ಏನೂ ಯೋಚನೆ ಮಾಡಬೇಡಿ" ಎಂಬ ಉತ್ತರ ಎರಡು ಸಲವೂ ಬಂತು. ಅದನ್ನು ನಾನು ನಂಬಬಾರದಿತ್ತು.

ಸಂಕ್ರಾಂತಿ ಕಳೆದ ವಾರ ಗುರುವಾರ ಸಂಜೆ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ಕುಟುಂಬವಾಗಿ ಹೋಗುವವರಿಗೆ, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ, ಘಾಟಿಯ ತಿರುವುಗಳಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ತೂಗಾಡುವುದಕ್ಕಿಂತ ಈ ರೈಲು ನೂರು ಪಾಲು ಮೇಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅವನ್ನೆಲ್ಲ ಎಣಿಸುತ್ತೇನೆಂದು ಹಟ ಹಿಡಿದು ಎಚ್ಚರವಿದ್ದ ಮಗ ಹನ್ನೊಂದನೆಯದಕ್ಕೇ ನಿದ್ದೆಹೋದ. ಬೆಳಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಹೊರಗೆ ತೆಂಗು, ಗದ್ದೆ, ಹೊಳೆಯ ಅಗಲವಾದ ಬಾಯಿ, ಮತ್ತೆ ತೆಂಗು. ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ನೀರು ಸುಮ್ಮನೆ ಸಮುದ್ರಕ್ಕೆ ಹೋಗುತ್ತಲ್ಲಮ್ಮ" ಎಂದರು. ಸಾವಿರ ಅಡಿ ಕೊರೆಸಿ ಬತ್ತಿದ ಕೊಳವೆಬಾವಿಗಳನ್ನು ಕಂಡ ರೈತ ಮನೆತನದ ಹೆಂಗಸಿನ ಬಾಯಿಂದ ಬೇರೆ ಮಾತು ಬರುವುದು ಹೇಗೆ?

ಕೊಠಡಿಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಚೊಕ್ಕಟವಾಗಿದ್ದವು, ಬಿಸಿನೀರು ಬರುತ್ತಿತ್ತು. ಕಡಲು ಕಾಣುವ ಕೋಣೆ ಎಂದು ಏಜೆನ್ಸಿ ಹೇಳಿದ್ದರೂ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಗೋಡೆ. ವಾಹನ ಒಂದು ಗಂಟೆ ತಡವಾಗಿ ಬಂತು.

ಶುಕ್ರವಾರ ಮಧ್ಯಾಹ್ನ ಡೈವಿಂಗ್ ಸಂಸ್ಥೆಯವರು ನಮ್ಮನ್ನು ಕರೆಸಿಕೊಂಡರು. ಇಲ್ಲಿಂದ ನನ್ನ ಮೆಚ್ಚುಗೆ ಆರಂಭವಾಗುತ್ತದೆ. ಮೊದಲು ಕೈಗೆ ಕೊಟ್ಟದ್ದು ಆರೋಗ್ಯದ ಪ್ರಶ್ನಾವಳಿ. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಸೈನಸ್ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿ ಉತ್ತರ ಬರೆಸಿಕೊಂಡರು. ಸಹಿ ಹಾಕಿಸಿಕೊಂಡು ಕಾಗದವನ್ನು ಮೂಲೆಗೆ ಎಸೆಯುವ ಪದ್ಧತಿಯನ್ನು ಎಷ್ಟೋ ಕಡೆ ಕಂಡಿರುವ ನನಗೆ ಇದು ಹೊಸದು. ಮಗನ ವಯಸ್ಸು ಕೇಳಿದ ತರಬೇತುದಾರರು ಪೆನ್ನು ಕೆಳಗಿಟ್ಟರು. ಹತ್ತು ವರ್ಷ ತುಂಬದ ಮಗುವನ್ನು ತಾವು ಕಡಲಲ್ಲಿ ಸ್ಕೂಬಾಕ್ಕೆ ಇಳಿಸುವುದಿಲ್ಲ, ಏಜೆನ್ಸಿಗೂ ಇದು ಗೊತ್ತು, ಹಣ ಕಟ್ಟಿದ್ದರೂ ಇಳಿಸುವುದಿಲ್ಲ ಎಂದರು. ಮಗನ ಕಣ್ಣಲ್ಲಿ ನೀರು ತುಂಬಿತು. ಅವರು ಅವನ ಮುಂದೆ ಮಂಡಿಯೂರಿ ಕುಳಿತು, "ಪುಟ್ಟ, ನಿನ್ನ ಕಿವಿ ಇನ್ನೂ ಸಣ್ಣದು, ಅದು ದೊಡ್ಡದಾಗುವವರೆಗೆ ಮೀನುಗಳು ಎಲ್ಲಿಗೂ ಹೋಗುವುದಿಲ್ಲ. ನೀನು ಮೇಲಿನಿಂದ ನೋಡು, ನಾನೇ ಕನ್ನಡಕ ಹಾಕಿಕೊಡ್ತೇನೆ" ಎಂದು ಹೇಳಿ, ಲೈಫ್ ಜಾಕೆಟ್ ತೊಟ್ಟು ನೀರಿನ ಮೇಲೆಯೇ ತೇಲುತ್ತ ನೋಡುವ ಸ್ನಾರ್ಕ್ಲಿಂಗ್ ಅವನಿಗೆ ಸಾಕೆಂದು ನಿರ್ಧರಿಸಿದರು. ಅದಕ್ಕೆ ಬೇರೆ ಹಣ ಕೇಳಲಿಲ್ಲ.

ಯಜಮಾನರಿಗೆ ಎರಡು ದಿನದಿಂದ ಶೀತವಿತ್ತು. ಮೂಗು ಕಟ್ಟಿದ್ದರೆ ಆಳಕ್ಕೆ ಇಳಿದಾಗ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಲು ಆಗುವುದಿಲ್ಲ, ಕಿವಿಯ ತಮಟೆಗೆ ಪೆಟ್ಟಾಗಬಹುದು ಎಂದು ವಿವರಿಸಿ ಅವರನ್ನೂ ಬಿಟ್ಟರು. ಹಣ ಕಟ್ಟಿದ ನಾಲ್ವರಲ್ಲಿ ಉಳಿದವರು ನಾನು ಮತ್ತು ಮಗಳು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇಬ್ಬರು ಗಿರಾಕಿಗಳನ್ನು ತಾವಾಗಿಯೇ ಕಳೆದುಕೊಂಡ ಅಂಗಡಿ ಅದು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ನಂತರ ಎದೆಮಟ್ಟದ ಈಜುಕೊಳದಲ್ಲಿ ಎರಡು ಗಂಟೆ ಪಾಠ. ಬಾಯಿಯಿಂದಲೇ ಉಸಿರಾಡುವುದು, ಮಾಸ್ಕಿನೊಳಗೆ ನೀರು ನುಗ್ಗಿದರೆ ಮೂಗಿನಿಂದ ಊದಿ ಹೊರಹಾಕುವುದು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರು ಬಾಯಿಂದ ಜಾರಿದರೆ ಅದನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಇಷ್ಟನ್ನು ಹತ್ತು ಹನ್ನೆರಡು ಸಲ ಮಾಡಿಸಿದರು. ನೀರೊಳಗೆ ಮಾತಿಲ್ಲದ ಕಾರಣ ಕೈಸನ್ನೆಗಳನ್ನು ಬಾಯಿಪಾಠ ಮಾಡಿಸಿದರು. ನೆಲದ ಮೇಲೆ ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಎಂದರ್ಥ, ನೀರೊಳಗೆ ಅದೇ ಸನ್ನೆಗೆ ಮೇಲೆ ಹೋಗೋಣ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಸೊನ್ನೆ ಮಾಡಬೇಕು. ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಮಾತು, ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬೇಡಿ ಎಂಬುದು. ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ, ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ, ಬಿಗಿಹಿಡಿದರೆ ಶ್ವಾಸಕೋಶಕ್ಕೇ ಅಪಾಯ. ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ನಾನು ಬರೆಯುತ್ತಿದ್ದ ಪಾಠವೇ ಇದು. ಅದನ್ನು ಬೇರೊಬ್ಬರ ಬಾಯಿಂದ, ಅದೂ ನನ್ನ ಮಗಳ ಜೀವದ ಪ್ರಶ್ನೆಯಾಗಿ ಕೇಳಿದಾಗ ಮೈ ಜುಮ್ಮೆಂದಿತು.

ಶನಿವಾರ ಬೆಳಗ್ಗೆ ಆರೂವರೆಗೆ ದೋಣಿಯ ಬಳಿ ಹೋದರೆ, ಇವತ್ತು ಹೊರಡುವುದಿಲ್ಲ ಎಂದರು. ನಮ್ಮ ಕಣ್ಣಿಗೆ ಆಕಾಶ ಸ್ವಚ್ಛವಾಗಿತ್ತು, ಬಿಸಿಲು ಬಂದಿತ್ತು, ದಡದಲ್ಲಿ ಅಲೆ ಅಂಥ ದೊಡ್ಡದೇನೂ ಇರಲಿಲ್ಲ. ದೋಣಿ ನಡೆಸುವ ಹಿರಿಯರು ದೂರದ ನೀರಿನ ಬಣ್ಣವನ್ನು ತೋರಿಸಿ, ಅಲ್ಲಿ ಬೆಳ್ಳಗೆ ಒಡೆಯುತ್ತಿರುವ ಅಲೆಗಳನ್ನು ತೋರಿಸಿ, "ಹೊರಗೆ ಗಾಳಿ ಉಂಟು ಅಕ್ಕೋರೇ. ನಾನು ಹೋಗಿ ಬರ್ತೇನೆ, ನಿಮ್ಮನ್ನು ಕರ್ಕೊಂಡು ಹೋಗೂದಿಲ್ಲ" ಎಂದರು. ಉತ್ತರ ಕನ್ನಡದಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನಾನು ಮೇಷ್ಟ್ರ ಕೆಲಸದವಳೆಂದು ತಿಳಿದ ಕ್ಷಣದಿಂದ ಅವರ ಬಾಯಲ್ಲಿ ನನಗೆ ಬೇರೆ ಹೆಸರಿರಲಿಲ್ಲ. ನೇತ್ರಾಣಿ ದ್ವೀಪ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ತೆರೆದ ಕಡಲಿನಲ್ಲಿದೆ. ಹೋಗಲು ಒಂದು ಗಂಟೆಗೂ ಹೆಚ್ಚು ಬೇಕು. ಪ್ರವಾಸಿಗರು ದ್ವೀಪದ ಮೇಲೆ ಇಳಿಯುವಂತಿಲ್ಲ, ಹಾಗಾಗಿ ಗಾಳಿ ಜೋರಾದರೆ ಓಡಿಹೋಗಿ ನಿಲ್ಲಲು ನೆಲವೂ ಇಲ್ಲ. ಇದನ್ನು ತಿಳಿದ ಮೇಲೆ ನಮಗೆ ಅಸಮಾಧಾನವಾಗಲಿಲ್ಲ.

ಅಸಮಾಧಾನವಾದದ್ದು ಏಜೆನ್ಸಿಯ ಫೋನಿನಿಂದ. ದಿನ ಮುಂದೂಡಿದರೆ ಗೋಕರ್ಣ ತಪ್ಪುತ್ತದೆ, ಇವತ್ತೇ ಮುಗಿಸಿಕೊಳ್ಳಿ, ನಾನು ಅವರ ಹತ್ತಿರ ಮಾತಾಡುತ್ತೇನೆ ಎಂದು ಆ ವ್ಯಕ್ತಿ ಕೋಲಾರದಲ್ಲಿ ಕುಳಿತು ಹೇಳುತ್ತಿದ್ದರು. ತಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ದಿನದ ಬಿಡುವನ್ನೂ ಇಡದೆ, ಕಡಲು ತಮ್ಮ ಪಟ್ಟಿಯಂತೆ ನಡೆಯಬೇಕೆಂದು ಬಯಸುವುದು ಎಷ್ಟು ಅಪಾಯಕಾರಿ ಎಂಬುದು ಅವರಿಗೆ ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳುವ ಅಗತ್ಯ ಕಾಣಲಿಲ್ಲವೋ ತಿಳಿಯದು. ಡೈವಿಂಗ್ ಸಂಸ್ಥೆಯವರು ಫೋನು ತೆಗೆದುಕೊಂಡು ಎರಡೇ ಮಾತಿನಲ್ಲಿ, ದೋಣಿ ನಾಳೆ ಹೊರಡುತ್ತದೆ ಎಂದು ಹೇಳಿ ನನಗೆ ಹಿಂದಿರುಗಿಸಿದರು. ಕಡಲಿಗೆ ಹೋಗುವ ಯಾವ ಪ್ಯಾಕೇಜನ್ನೇ ಆಗಲಿ ಕೊಳ್ಳುವ ಮೊದಲು, ಹವಾಮಾನ ಕೆಟ್ಟರೆ ಬದಲಿ ದಿನ ಯಾವುದು ಎಂದು ಕೇಳಿ ಬರೆಸಿಕೊಳ್ಳಬೇಕೆಂದು ನನ್ನ ಕಳಕಳಿಯ ವಿನಂತಿ.

ಹೀಗೆ ಶನಿವಾರ ನಾವು ಹೊನ್ನಾವರದ ದಾರಿ ಹಿಡಿದೆವು. ಹೊರಗಿನ ಕಡಲು ಎದ್ದಿದ್ದರೂ ಶರಾವತಿಯ ಹಿನ್ನೀರು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಯಲ್ಲಿ ಶಾಂತವಾಗಿತ್ತು. ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ನದಿ ಇದೇ ಎಂದರೆ ಮಗ ನಂಬಲಿಲ್ಲ, ಅಷ್ಟು ನಿಧಾನವಾಗಿ ಅದು ಇಲ್ಲಿ ಕಡಲನ್ನು ಸೇರುತ್ತದೆ. ಕಯಾಕಿಂಗ್ ಮಾಡಿಸುವ ಯುವಕ ಮೊದಲು ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ. ತೊಡಿಸಿದ ಮೇಲೆ ಮಗನ ಜಾಕೆಟಿನ ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಅವನನ್ನು ನೆಲದಿಂದ ಒಂದು ಗೇಣು ಮೇಲೆತ್ತಿದ. ಜಾಕೆಟು ಮಗನ ಕಿವಿಯವರೆಗೆ ಜಾರಿತು, ಗಲ್ಲ ಒಳಗೆ ಹುದುಗಿತು. ಅದನ್ನು ಬಿಚ್ಚಿಸಿ, ಚಿಕ್ಕ ಅಳತೆಯದನ್ನು ತಂದು, ತೊಡೆಯ ನಡುವಿನ ಪಟ್ಟಿಯನ್ನೂ ಬಿಗಿದು, ಮತ್ತೆ ಎತ್ತಿ ನೋಡಿದ. ಈ ಸಲ ಜಾಕೆಟಿನೊಡನೆ ಮಗನೂ ಮೇಲೆ ಬಂದ. ನಮ್ಮಲ್ಲಿ ಎಷ್ಟೋ ಕೆರೆಗಳ ದೋಣಿವಿಹಾರದಲ್ಲಿ ದೊಡ್ಡವರ ಜಾಕೆಟನ್ನು ಮಕ್ಕಳ ಕೊರಳಿಗೆ ತೂಗುಹಾಕಿ ಕಳಿಸುವುದನ್ನು ನೋಡಿದ್ದೇನೆ. ನೀರಿಗೆ ಬಿದ್ದರೆ ಮಗು ಕೆಳಗೆ ಜಾರಿ ಜಾಕೆಟು ಮಾತ್ರ ಮೇಲೆ ತೇಲುತ್ತದೆ. ಭುಜ ಹಿಡಿದು ಎತ್ತಿ ನೋಡುವ ಈ ಒಂದು ಪರೀಕ್ಷೆಯನ್ನು ಪ್ರತಿಯೊಬ್ಬ ತಂದೆತಾಯಿಯೂ ಕಲಿತುಕೊಳ್ಳಬೇಕು. ಅದಕ್ಕೆ ಅರ್ಧ ನಿಮಿಷವೂ ಬೇಡ.

ಭರತದ ನೀರು ಒಳಗೆ ಬರುವ ಹೊತ್ತಿಗೆ ಸರಿಯಾಗಿ ನಮ್ಮನ್ನು ಇಳಿಸಿದರು. ದಿನಕ್ಕೆ ಎರಡು ಸಲ ಕಡಲು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವ ನೀರಿನೊಂದಿಗೆ ಒಳಗೆ ಹೋಗಿ, ಅದು ತಿರುಗಿ ಇಳಿಯತೊಡಗಿದಾಗ ಅದರೊಂದಿಗೇ ಹೊರಗೆ ಬಂದರೆ ತೋಳಿಗೆ ಶ್ರಮವಿಲ್ಲ. ಹೊಸಬರ ಕುಟುಂಬವನ್ನು ಹಗುರವಾಗಿ ನಡೆಸಿಕೊಂಡು ಹೋಗಲು ಅವರು ಗಡಿಯಾರಕ್ಕಿಂತ ನೀರನ್ನೇ ಹೆಚ್ಚು ನೋಡುತ್ತಿದ್ದರು. ಒಂದು ಕಯಾಕಿನಲ್ಲಿ ನಾನು ಮತ್ತು ಮಗ, ಇನ್ನೊಂದರಲ್ಲಿ ಯಜಮಾನರು ಮತ್ತು ಮಗಳು, ಮುಂದೆ ಆ ಯುವಕ, ಹಿಂದೆ ಅವನ ಜೊತೆಗಾರ. ಕಾಂಡ್ಲಾದ ಬೇರುಗಳು ಕೊಂಬೆಯಿಂದಲೇ ಕಮಾನಿನಂತೆ ಬಾಗಿ ಕೆಸರಿಗೆ ಊರಿಕೊಂಡಿರುತ್ತವೆ. ಇನ್ನೊಂದು ಜಾತಿಯ ಗಿಡದ ಬುಡದ ಸುತ್ತ ಪೆನ್ಸಿಲ್ ನೆಟ್ಟಂತೆ ಸಾವಿರಾರು ಉಸಿರುಬೇರುಗಳು ಕೆಸರಿನಿಂದ ಮೇಲೆ ಬಂದಿರುತ್ತವೆ. ಉಪ್ಪುನೀರಿನ ಕೆಸರಿನಲ್ಲಿ ಆಮ್ಲಜನಕವಿಲ್ಲದಿರುವುದರಿಂದ ಗಿಡ ಕಂಡುಕೊಂಡ ದಾರಿ ಅದು. ಯುವಕ ಒಂದು ಕೊಂಬೆಯನ್ನು ಬಾಗಿಸಿ ತೋರಿಸಿದ್ದನ್ನು ನಾನು ಮರೆಯಲಾರೆ. ಕಾಯಿ ಇನ್ನೂ ಮರದಲ್ಲೇ ಇತ್ತು, ಅದರ ಬೀಜ ಮೊಳೆತು ನುಗ್ಗೆಕಾಯಿಯಂತೆ ಹಸಿರಾಗಿ, ಮೊಳಕೈಗಿಂತ ಉದ್ದವಾಗಿ ಕೆಳಗೆ ಜೋತುಬಿದ್ದಿತ್ತು, ತುದಿ ಈಟಿಯಂತೆ ಚೂಪು. ಬಿದ್ದಾಗ ನೀರು ಇಳಿದಿದ್ದರೆ ಅದು ನೇರವಾಗಿ ಕೆಸರಿಗೆ ನಾಟಿಕೊಳ್ಳುತ್ತದೆ, ನೀರು ಏರಿದ್ದರೆ ತೇಲಿಹೋಗಿ ಬೇರೆಲ್ಲೋ ಬೇರು ಬಿಡುತ್ತದೆ. ನಾಟಿಯ ಕೆಲಸ ಬಲ್ಲ ಯಜಮಾನರು ಅದನ್ನು ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿದರು.

ಅತ್ತೆ ಕಯಾಕ್ ಹತ್ತಲಿಲ್ಲ. ಅವರಿಗಾಗಿ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆ ಹಾಸಿದ ನಡಿಗೆಯ ದಾರಿಯಿದೆ. ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದು. ಇಳಿದ ನೀರಿನಲ್ಲಿ ಸೊಂಟ ಬಗ್ಗಿಸಿ ಬೆಳಚು ಆಯುತ್ತಿದ್ದ ಹೆಂಗಸೊಬ್ಬರನ್ನು ಅತ್ತೆ ದಾರಿಯ ಮೇಲಿನಿಂದಲೇ ಮಾತಾಡಿಸಿದರು. ಚಿಪ್ಪಿನೊಳಗಿನ ಈ ಸಣ್ಣ ಜೀವಿಯೇ ಇಲ್ಲಿಯ ಎಷ್ಟೋ ಮನೆಗಳ ಒಲೆ ಉರಿಸುತ್ತದೆ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಇಬ್ಬರೂ ಕಾಲು ಗಂಟೆ ಕೂಲಿಯ ವಿಚಾರ, ಮಳೆಯ ವಿಚಾರ ಮಾತಾಡಿದರು.

ಸಂಜೆ ಹೊನ್ನಾವರದ ಕಾಸರಕೋಡು ಇಕೋ ಬೀಚಿನಲ್ಲಿ ಕಳೆದೆವು. 2020ರಲ್ಲಿ ನಮ್ಮ ರಾಜ್ಯದಿಂದ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಇದು. ನೀರಿನ ಶುದ್ಧತೆ, ಸುರಕ್ಷತೆ, ಸೌಲಭ್ಯ ಮುಂತಾಗಿ 33 ಮಾನದಂಡಗಳನ್ನು ಪೂರೈಸಿದರೆ ಮಾತ್ರ ಈ ಮಾನ್ಯತೆ ಸಿಗುತ್ತದೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇಲ್ಲಿಯ ಬಟ್ಟೆ ಬದಲಿಸುವ ಕೋಣೆ ಮತ್ತು ಶೌಚಾಲಯಗಳೇ ದೊಡ್ಡ ಸಮಾಧಾನ. ಕಾವಲಿನ ಜೀವರಕ್ಷಕರು ಮಕ್ಕಳಿಗೆ ಬಾವುಟಗಳ ಅರ್ಥ ಹೇಳಿಕೊಟ್ಟರು: ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗೆ ಇಳಿಯಬೇಕು, ಬರೀ ಕೆಂಪು ಕಂಡರೆ ಕಾಲೂ ಇಡಬಾರದು. ಅಲೆಗಳು ಸಾಲಾಗಿ ಒಡೆಯುತ್ತಿರುವ ಕಡೆ ನಡುವೆ ಒಂದು ಜಾಗದಲ್ಲಿ ಮಾತ್ರ ಅಲೆಯಿಲ್ಲದೆ ನೀರು ಸಮತಟ್ಟಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ನಾವು ಅದನ್ನೇ ಸುರಕ್ಷಿತ ಜಾಗ ಎಂದುಕೊಳ್ಳುತ್ತೇವೆ. ದಡಕ್ಕೆ ಬಂದ ನೀರೆಲ್ಲ ಹಿಂದಕ್ಕೆ ಓಡುವ ಸೆಳೆತದ ಕಾಲುವೆ ಅದೇ. ಸಿಕ್ಕಿಕೊಂಡವರು ದಡದ ಕಡೆಗೆ ಈಜಲು ಹೋಗಿ ಸೋತು ಮುಳುಗುತ್ತಾರೆ. ಹೆದರದೆ ತೇಲುತ್ತ ಕೈಯೆತ್ತಿ ಸಹಾಯಕ್ಕೆ ಕೂಗಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮುಳಬಾಗಿಲಿನ ಆ ಮಕ್ಕಳು ನನ್ನ ಕಣ್ಣ ಮುಂದೆ ಬಂದರು. ಕಡಲಿಗೆ ಮಕ್ಕಳನ್ನು ಕರೆದೊಯ್ಯುವ ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲೂ ಬಸ್ಸು ಹತ್ತಿಸುವ ಮೊದಲು ಈ ಪಾಠ ಆಗಲೇಬೇಕು. ಹಿಂದಿರುಗಿದ ಸೋಮವಾರವೇ ನಾನು ನನ್ನ ಮೂರು ತರಗತಿಗಳಲ್ಲಿ ಅದನ್ನು ಚಿತ್ರ ಬರೆದು ಹೇಳಿದ್ದೇನೆ.

ಭಾನುವಾರ ಗಾಳಿ ಇಳಿದಿತ್ತು. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಿಸಿದ್ದರು. ಅತ್ತೆ ದಡದಲ್ಲೇ ಉಳಿದರು. ದೇವಸ್ಥಾನದಲ್ಲಿ ಪೂಜೆ ಮುಗಿಸಿ, ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನು ಲಿಫ್ಟಿನಲ್ಲಿ ಹತ್ತಿ, 123 ಅಡಿಯ ಶಿವನ ಮುಖವನ್ನು ಎದುರಿನಿಂದ ನೋಡಿ ಬಂದದ್ದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ದೋಣಿ ಮುಂದೆ ಹೋದಂತೆ ಶಿವನೂ ಗೋಪುರವೂ ಸಣ್ಣದಾಗುತ್ತ, ನೀರು ಹಸಿರಿನಿಂದ ಕಡುನೀಲಿಗೆ ತಿರುಗಿತು. ಪಾರಿವಾಳ ಗುಡ್ಡ ಎಂದೂ ಕರೆಯುವ ನೇತ್ರಾಣಿ ದೂರದಿಂದ ಒಂದು ಹಸಿರು ದಿಬ್ಬ, ಹತ್ತಿರ ಹೋದರೆ ನೀರಿನಿಂದ ನೆಟ್ಟಗೆ ಎದ್ದ ಬಂಡೆಗೋಡೆ.

ಒಬ್ಬರಿಗೆ ಒಬ್ಬ ತರಬೇತುದಾರ ಎಂಬ ನಿಯಮವನ್ನು ಅವರು ಸಡಿಲಿಸಲಿಲ್ಲ. ಲಂಗರಿನ ಹಗ್ಗವನ್ನು ಹಿಡಿದುಕೊಂಡು ಇಳಿಯಬೇಕು. ಎರಡು ಮೊಳ ಇಳಿಯುವಷ್ಟರಲ್ಲಿ ಯಾರೋ ಎರಡೂ ಕಿವಿಗೆ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ತರಬೇತುದಾರರು ತಕ್ಷಣ ನನ್ನನ್ನು ನಿಲ್ಲಿಸಿ ತಮ್ಮ ಮೂಗನ್ನು ಹಿಡಿದು ತೋರಿಸಿದರು. ಮಾಸ್ಕಿನ ರಬ್ಬರಿನ ಮೇಲಿಂದ ಮೂಗನ್ನು ಒತ್ತಿಹಿಡಿದು ಮೆಲ್ಲಗೆ ಊದಿದಾಗ ಬಲಗಿವಿಯಲ್ಲಿ ಟಪ್ ಎಂದಿತು, ಎಡಗಿವಿ ತೆರೆಯಲಿಲ್ಲ. ಒಂದು ಮೊಳ ಮೇಲೆ ಬಂದು ಮತ್ತೆ ಊದಿದೆ. ತೆರೆಯಿತು. ನನಗೆ ಐದು ನಿಮಿಷ ಬೇಕಾಯಿತು. ಆ ಐದು ನಿಮಿಷವೂ ಅವರು ನನ್ನ ಕಣ್ಣಿನಿಂದ ಕಣ್ಣು ಕೀಳಲಿಲ್ಲ. ಮಗಳು ನನಗಿಂತ ಮೊದಲೇ ಕೆಳಗೆ ತಲುಪಿ, ಬೆರಳುಗಳನ್ನು ಸೊನ್ನೆ ಮಾಡಿ ನನಗೆ ತೋರಿಸುತ್ತಿದ್ದಳು.

ನಾವಿದ್ದ ಆಳ ಎಂಟು ಮೀಟರಿನಷ್ಟು ಎಂದು ಆಮೇಲೆ ಹೇಳಿದರು. ಹಿಂದಿನ ದಿನದ ಗಾಳಿಯಿಂದ ನೀರು ಸ್ವಲ್ಪ ಕದಡಿತ್ತು, ಹಾಗಿದ್ದರೂ ಮೂರು ಆಳುದ್ದ ಆಚೆಗಿನ ಬಂಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಹವಳ ಹತ್ತಿದ ಬಂಡೆಯ ಮೇಲೆ ಗಿಳಿಮೀನೊಂದು ಕಚ್ಚಿ ತಿನ್ನುತ್ತಿತ್ತು. ಅದು ಕಚ್ಚುವ ಕಟಕ್ ಕಟಕ್ ಸದ್ದು ನನಗೆ ಕೇಳಿಸಿತು. ನೀರೊಳಗೆ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಅದು ಯಾವ ಕಡೆಯಿಂದ ಬಂತೆಂದು ಕಿವಿಗೆ ತಿಳಿಯದು, ತಲೆಯೊಳಗಿಂದಲೇ ಬಂದಂತಿರುತ್ತದೆ. ಹಳದಿ ಪಟ್ಟೆಯ ಮೀನುಗಳ ಹಿಂಡೊಂದು ನಮ್ಮ ನಡುವೆಯೇ ಹಾದುಹೋಯಿತು. ಮಗಳ ಜಡೆಗೆ ಹಾಕಿದ್ದ ಕೆಂಪು ರಬ್ಬರ್ ಬ್ಯಾಂಡು ಅಲ್ಲಿ ಮಾಸಿದ ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ಹೀರಿಕೊಳ್ಳುವುದು ಬೆಳಕಿನ ಕೆಂಪನ್ನು ಎಂದು ಓದಿದ್ದೆ, ಕಲಿಸಿದ್ದೆ. ನನ್ನ ಮಗಳ ಜಡೆಯಲ್ಲಿ ಅದನ್ನು ಕಂಡೆ. ಹವಳವನ್ನು ಮುಟ್ಟಬಾರದು, ಅದರ ಮೇಲೆ ಕಾಲಿಡಬಾರದು ಎಂದು ಮೊದಲೇ ಹೇಳಿದ್ದರು. ನಾನು ಆಯತಪ್ಪಿ ಬಂಡೆಯತ್ತ ವಾಲಿದಾಗ ತರಬೇತುದಾರರು ಹಿಂದಿನಿಂದ ನನ್ನನ್ನು ಮೇಲಕ್ಕೆ ಎಳೆದುಕೊಂಡರು. ಅವರ ಚಿಂತೆ ನನ್ನ ಮಂಡಿಯದೋ ಹವಳದ್ದೋ, ಎರಡೂ ಸರಿಯೇ.

ಇಪ್ಪತ್ತೈದು ನಿಮಿಷದ ನಂತರ ಮೇಲೆ ಬಂದಾಗ, ಮಗ ಲೈಫ್ ಜಾಕೆಟಿನಲ್ಲಿ ತೇಲುತ್ತ, ಮುಖ ನೀರಿಗಿಟ್ಟು, ಕೈಹಿಡಿದುಕೊಂಡಿದ್ದ ಇನ್ನೊಬ್ಬ ತರಬೇತುದಾರರೊಡನೆ ಮೀನು ಎಣಿಸುತ್ತಿದ್ದ. ದೋಣಿಯಲ್ಲಿ ಕುಳಿತಿದ್ದ ಯಜಮಾನರು, ನಾವು ನೀರಿನ ಕೆಳಗೆ ಹೋದ ಮೇಲೆ ಮೇಲಕ್ಕೆ ಬರುತ್ತಿದ್ದ ಗಾಳಿಗುಳ್ಳೆಗಳನ್ನೇ ಅಷ್ಟೂ ಹೊತ್ತು ನೋಡುತ್ತಿದ್ದೆ ಎಂದರು. ಹಿಂದಿರುಗುವ ಪ್ರಯಾಣ ರೈಲಿನಲ್ಲಿಯೋ ವಿಮಾನದಲ್ಲಿಯೋ ಎಂದೂ ಸಂಸ್ಥೆಯವರು ವಿಚಾರಿಸಿಕೊಂಡರು. ಒಂದೇ ಸಲ ಇಳಿದವರೂ ಕನಿಷ್ಠ ಹನ್ನೆರಡು ಗಂಟೆ ವಿಮಾನ ಹತ್ತಬಾರದಂತೆ. ಇದನ್ನೂ ಏಜೆನ್ಸಿ ನಮಗೆ ತಿಳಿಸಿರಲಿಲ್ಲ.

ಊಟದ ಬಗ್ಗೆ ಒಂದು ಮಾತು. ರಾಗಿಮುದ್ದೆ ಎಲ್ಲೂ ಸಿಗಲಿಲ್ಲ, ಅತ್ತೆ ಕುಚ್ಚಲಕ್ಕಿ ಅನ್ನಕ್ಕೆ ಎರಡನೆಯ ದಿನ ಒಗ್ಗಿಕೊಂಡರು. ಮಧ್ಯಾಹ್ನ ಕೊಟ್ಟ, ಮುರುಗಲು (ಕೋಕಂ) ಎಂಬ ಹುಳಿಹಣ್ಣಿನ ಸಾರನ್ನು ಮಾತ್ರ ಮೊದಲ ದಿನದಿಂದಲೇ ಮೆಚ್ಚಿ, ಒಣಗಿದ ಮುರುಗಲಿನ ಸಿಪ್ಪೆಯನ್ನು ಅರ್ಧ ಕೆ.ಜಿ. ಕಟ್ಟಿಸಿಕೊಂಡು ಬಂದರು.

ಇನ್ನು ಹಣದ ವಿಚಾರ. ಸ್ಕೂಬಾಕ್ಕೆ ಇಳಿಯದ ಇಬ್ಬರ ಪಾಲನ್ನು ತಾವು ಏಜೆನ್ಸಿಯಿಂದ ತೆಗೆದುಕೊಳ್ಳುವುದಿಲ್ಲ ಎಂದು ಡೈವಿಂಗ್ ಸಂಸ್ಥೆಯವರು ನನಗೆ ಬರೆದುಕೊಟ್ಟಿದ್ದರು. ಆ ಕಾಗದವನ್ನೂ ರಸೀತಿಯನ್ನೂ ಮುಂದಿಟ್ಟು ಕೇಳಿದ ಮೇಲೆ, ಮೂರು ವಾರಗಳ ನಂತರ, ಮಗನ 4,500 ರೂಪಾಯಿ ಬಂತು. ಯಜಮಾನರ ಪಾಲು, ಶೀತವಾದದ್ದು ನಿಮ್ಮ ಕಡೆಯ ಕಾರಣ ಎಂಬ ಉತ್ತರದೊಂದಿಗೆ ಅಲ್ಲಿಯೇ ಉಳಿದಿದೆ. ತಪ್ಪಿಹೋದ ಗೋಕರ್ಣದ ಬಗ್ಗೆ ಮಾತೇ ಇಲ್ಲ. ಕಡಲಿನಿಂದಾದ ಬದಲಾವಣೆಗೆ ಏಜೆನ್ಸಿಯನ್ನು ಹೊಣೆ ಮಾಡುವಷ್ಟು ಅನ್ಯಾಯದ ಮನಸ್ಸು ನನಗಿಲ್ಲ. ಒಂಬತ್ತು ವರ್ಷದ ಮಗುವಿಗೆ ಸಲ್ಲದ ಸೇವೆಯನ್ನು ಗೊತ್ತಿದ್ದೂ ಮಾರಿದ್ದಕ್ಕೆ, ದೋಣಿಯವರು ಬೇಡವೆಂದ ದಿನ ಹೋಗಿ ಎಂದು ಒತ್ತಾಯಿಸಿದ್ದಕ್ಕೆ ಅವರು ಹೊಣೆಗಾರರೇ. ಎರಡನೆಯದನ್ನು ನಾನು ಕ್ಷಮಿಸಲಾರೆ.

ಮುಂದಿನ ಸಲ ರೈಲಿನ ಟಿಕೆಟನ್ನು ನಾವೇ ತೆಗೆದುಕೊಂಡು, ಕೊಠಡಿಯನ್ನೂ ಸ್ಕೂಬಾವನ್ನೂ ಅಲ್ಲಿಯವರೊಡನೆಯೇ ನೇರವಾಗಿ ಮಾತಾಡಿ ಗೊತ್ತು ಮಾಡಿಕೊಳ್ಳುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿಗಳು ಹೋಗುವುದಿಲ್ಲ, ಆದ್ದರಿಂದ ಡಿಸೆಂಬರ್ ಅಥವಾ ಜನವರಿಯಲ್ಲಿ, ಮೂರು ದಿನದ ಕಾರ್ಯಕ್ರಮಕ್ಕೆ ನಾಲ್ಕು ದಿನ ಇಟ್ಟುಕೊಂಡು ಹೊರಡುವುದೆಂದು ತೀರ್ಮಾನಿಸಿದ್ದೇವೆ. ಬರುವ ಆಗಸ್ಟಿಗೆ ಮಗನಿಗೆ ಹತ್ತು ತುಂಬುತ್ತದೆ. ಮುರುಡೇಶ್ವರದ ಆ ತರಬೇತುದಾರರಿಗೆ ಅವನು ತಾನೇ ಫೋನು ಮಾಡಿ ತಾರೀಖು ತಿಳಿಸಿದ್ದಾನೆ.